ಆರುನೂರು ಮೆಗಾಹರ್ಟ್ಸ್ ಕಡಿಮೆ

ಯೊಂಗ್‌ಸಾನಿನ ಈ ಮಾಳಿಗೆಯಲ್ಲಿ ಈಗ
ಮೂರರಲ್ಲಿ ಎರಡು ಅಂಗಡಿಗೆ ಷಟರ್ ಬಿದ್ದಿದೆ.
ನನ್ನದು ತೆರೆದಿದೆ. ಮಂಡಿ ನೋವು,
ಮನೆಯಲ್ಲಿ ಕೂತರೆ ಇನ್ನೂ ಜಾಸ್ತಿ.
ನಾಲ್ಕು ಗಂಟೆಗೆ ಬಂದ ಹುಡುಗ, ಗಿ-ಉಂಗ್ ಅಂತ ಹೆಸರು,
ಒದ್ದೆ ಛತ್ರಿಯನ್ನು ಹೊರಗೇ ಒರಗಿಸಿ
ಕೈ ಎರಡು ಸಲ ಒರೆಸಿಕೊಂಡು ಒಳಗೆ ಬಂದ.
ಅಷ್ಟಕ್ಕೇ ಅವನ ಮೇಲೆ ಅರ್ಧ ನಂಬಿಕೆ.

"ಟರ್ಬೊ ನಾನು ಹೇಳಿದ ಹಾಗೆ ಕೇಳಬೇಕು," ಅಂದ.
"ಒಂದೊಂದು ಕೋರೂ."

ಇಂಥವರನ್ನು ಇಪ್ಪತ್ತಾರು ವರ್ಷ ಕಂಡಿದ್ದೇನೆ.
ಇನ್ನೂ ನೂರು, ಇನ್ನೂ ನೂರು.
ನನ್ನ ಗಂಡನೇ ಒಂದು ಸಲ ಇದೇ ಕೌಂಟರಿನ ಮೇಲೆ
ದ್ರವ ಸಾರಜನಕ ಸುರಿದು,
ಬಿಳಿ ಹೊಗೆಯೊಳಗೆ ಕನ್ನಡಕ ಕಳೆದುಕೊಂಡು,
ಏಳು ಸಾವಿರ ಮುಟ್ಟಿಸಿ, ಕುಣಿದು,
ಹನ್ನೊಂದನೇ ಸೆಕೆಂಡಿಗೆ ಬೋರ್ಡನ್ನು ಕೊಂದಿದ್ದ.
ಅದು ಇನ್ನೂ ಗೋಡೆಯ ಮೇಲಿದೆ.
ಕ್ಯಾಲೆಂಡರು ಅದಕ್ಕೇ ತಗುಲಿಸಿದ್ದೇನೆ.

ಮೂರು ಡಬ್ಬಿ ಕೆಳಗಿಳಿಸಿದೆ.
ಒಂದು, ಮೈತುಂಬ ಬಣ್ಣದ ದೀಪ:
ಮದುವೆ ಚಪ್ಪರ, ಅರ್ಧ ದುಡ್ಡು ಬೆಳಕಿಗೇ ಹೋಗುತ್ತೆ.
ಇನ್ನೊಂದು ಅಗ್ಗ, ಬಿ ಅಕ್ಷರದ್ದು:
"ಇಷ್ಟೇ ವ್ಯಾಟ್ ತಿನ್ನು ಅಂದರೆ ಒಪ್ಪುತ್ತೆ,
ವೋಲ್ಟೇಜು ಮುಟ್ಟಹೋದರೆ ಬಾಗಿಲು ಹಾಕಿಕೊಳ್ಳುತ್ತೆ."
ಕೊನೆಯದು ಝಡ್. ಹೀಟ್‌ಸಿಂಕ್ ಬಿಚ್ಚಿಯೇ ತೋರಿಸಿದೆ.
"ಸಾಲಾಗಿ ನಿಂತಿದ್ದಾರಲ್ಲ, ಎಣಿಸು.
ಪ್ರೊಸೆಸರಿಗೆ ಕರೆಂಟು ಹೊರುವ ಹಮಾಲರು, ಹದಿನಾರು ಜನ.
ಆರು ಜನರ ತಲೆಗೆ ಇದೇ ಮೂಟೆ ಹೊರಿಸಿ ನೋಡು,
ಮೈ ಕಾಯುತ್ತೆ, ಸೊಂಟ ಹಿಡಿಯುತ್ತೆ.
ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಓದಬೇಡ ಮಗ,
ಹೊರುವವರನ್ನು ಎಣಿಸು."

ಎಣಿಸಿದ. ಹದಿನಾರು.

"ಎಷ್ಟಕ್ಕೆ ಏರಿಸ್ತೀಯ? ಐವತ್ತೈದು? ಐವತ್ತೇಳು?"
"ನಲವತ್ತಾರು," ಅಂದ.

ಕಾರ್ಖಾನೆಯಿಂದ ಬರುವಾಗಲೇ ಅದು ಐವತ್ತೆರಡು.
ನನ್ನ ಕಿವಿಯೇ ಮಂದವಾಯಿತೇನೋ ಅಂದುಕೊಂಡೆ.

"ಬಾಡಿಗೆ ಕೋಣೆ, ನಾಲ್ಕು ಹೆಜ್ಜೆ.
ಗೋಡೆ ಅಂದರೆ ಹಲಗೆ.
ರಾತ್ರಿಯಿಡೀ ಬೇರೆಯವರ ಮದುವೆ ವಿಡಿಯೊ ಕೂಡಿಸ್ತೀನಿ.
ಹಲಗೆಯಾಚೆ ಯಾರೋ ಅಗ್ನಿಶಾಮಕ ದಳದ ಪರೀಕ್ಷೆಗೆ ಓದ್ತಾರೆ,
ಮುಖ ನೋಡಿಲ್ಲ, ಪಿಸುಮಾತಲ್ಲಿ ಓದುವ ಅಭ್ಯಾಸ.
ಕೊಳವೆಯ ಒತ್ತಡ, ಏಣಿಯ ಕೋನ,
ನನಗೂ ಅರ್ಧ ಬಾಯಿಗೆ ಬಂದಿದೆ.
ರೆಂಡರ್ ಶುರುವಾದರೆ ಟರ್ಬೊ ಏರುತ್ತೆ,
ಫ್ಯಾನು ಒರಲುತ್ತೆ, ಆಚೆ ಓದು ನಿಲ್ಲುತ್ತೆ.
ಹಲಗೆ ಬಡಿದಿದ್ದರೆ ನಾನೂ ಬಡಿಯಬಹುದಿತ್ತು.
ಬಡಿಯೋದೇ ಇಲ್ಲ.
ಸುಮ್ಮನೆ ನಿಲ್ಲುತ್ತೆ."

ದೊಡ್ಡ ಕೂಲರ್ ಹಾಕು ಅಂದೆ, ವ್ಯಾಪಾರದವಳು ನಾನು.
ಮೇಜಿನ ಕೆಳಗೆ ತನ್ನ ಕಾಲಿಗೇ ಜಾಗವಿಲ್ಲವಂತೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ಚಾಚಬಲ್ಲ ಕಾಲನ್ನು ಮಡಚುವವನಿಗೆ
ಏನು ಹೇಳುತ್ತಾರೋ ಗೊತ್ತಿಲ್ಲ.
ಓಡಿಸಲು ಕೊಳ್ಳುವ ಬೋರ್ಡನ್ನೇ
ತಡೆಯಲೂ ಕೊಳ್ಳಬೇಕು; ಅಗ್ಗದ್ದಕ್ಕೆ
ಓಡುವುದು ಗೊತ್ತು, ನಿಧಾನ ಗೊತ್ತಿಲ್ಲ.

ಜೇಬಿನಿಂದ ಮಾತ್ರೆಯ ಡಬ್ಬಿ ತೆಗೆದ,
ಅದರೊಳಗೆ ಹತ್ತಿಯಲ್ಲಿ ಪ್ರೊಸೆಸರು.
ಕೌಂಟರಿನ ಮೇಲೇ ಜೋಡಿಸಿದೆವು.
ಗುಣಕ ಐವತ್ತೆರಡರಿಂದ ನಲವತ್ತಾರು,
ವೋಲ್ಟೇಜು ಎಳೆ ಎಳೆಯಾಗಿ ಕೆಳಗೆ,
ಒಮ್ಮೆ ಪರದೆ ಸತ್ತಿತು, ಒಂದೆಳೆ ವಾಪಸ್ಸು ಕೊಟ್ಟೆವು.
ಪೂರ್ತಿ ಹೊರೆ ಹೊರಿಸಿ ಇಬ್ಬರೂ ಕಿವಿ ಇಟ್ಟು ಕೂತೆವು.
ಫ್ಯಾನು ತಿರುಗುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು.
ಕೇಳಿಸಿದ್ದು ಎಸ್ಕಲೇಟರಿನ ಕಿರುಗು,
ನನ್ನ ಕ್ಯಾಲೆಂಡರಿನ ಹಾಳೆ.

ಸೆಟ್ಟಿಂಗನ್ನು ಒಂದು ಹೆಸರಿಟ್ಟು ಉಳಿಸು ಅಂದೆ.
'ಪರೀಕ್ಷೆ ಮುಗಿಯುವವರೆಗೆ' ಅಂತ ಒತ್ತಿದ.
"ಆಮೇಲೆ?"
"ಪಾಸಾದರೆ ಕೋಣೆ ಬಿಟ್ಟು ಹೋಗ್ತಾರೆ," ಅಂದ.
ಐವತ್ತೆರಡನ್ನು ಎರಡನೆಯ ಖಾನೆಯಲ್ಲಿ ಇಟ್ಟ.
ಅದಕ್ಕೆ ಹೆಸರು ಕೊಡಲಿಲ್ಲ.